ಎಂಟು ನಿಮಿಷ ಎಲ್ಲಿ ಹೋಯಿತು

ಮಿಯಾವೋಲಿ ಜಿಲ್ಲೆಯ ಬೆಟ್ಟದ ಹಳ್ಳಿಗಳಿಗೆ ಭೂಕುಸಿತದ ಮುನ್ನೆಚ್ಚರಿಕೆ ಕಳಿಸಿ ಸೈರನ್ ಕೂಗಿಸುವ ಕಚೇರಿ ನಮ್ಮದು. ಜುಲೈ ತಿಂಗಳ ಚಂಡಮಾರುತದಲ್ಲಿ ಎಚ್ಚರಿಕೆ ಒಂಬತ್ತು ನಿಮಿಷ ತಡವಾಗಿ ಹೋಯಿತು. ಅಷ್ಟರಲ್ಲಿ ಗುಡ್ಡ ಜಾರಿ, ಚಹಾ ಒಣಗಿಸುವ ಶೆಡ್ಡಿನಲ್ಲಿದ್ದ ಒಬ್ಬ ಹೆಂಗಸು ಸತ್ತಳು.

ಎಚ್ಚರಿಕೆ ಕೊಡುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಮಣ್ಣಿನ ಹರಿವಿನ ಲೆಕ್ಕ ಹಾಕುವ ಭಾಗ ಬರೆದವರು ಚುಂಗ್ ಮಾಮ, ನನಗೆ ಕೆಲಸ ಕಲಿಸಿದವರು. ಎಲ್ಲಕ್ಕಿಂತ ಭಾರವಾದ ಲೆಕ್ಕ ಅದೇ ಆದ್ದರಿಂದ ತಪ್ಪೂ ಅದರದ್ದೇ ಎಂದು ಎಲ್ಲರೂ ತೀರ್ಮಾನಿಸಿದರು. ಮಾಮನನ್ನು ರಜೆಯ ಮೇಲೆ ಕಳಿಸಿದರು.

"ಇಡೀ ಪ್ರೋಗ್ರಾಂ ಅಳೆದು ನೋಡಿದೀವಲ್ಲ ಶು-ಯುನ್, ಇನ್ನೇನು ಬೇಕು?" ಎಂದರು ಮುಖ್ಯಸ್ಥ ಫಾನ್.

"ಒಟ್ಟಿಗೆ ಅಳೆದ್ರೆ ಎಲ್ಲ ಕಲಸಿ ಬರುತ್ತೆ ಸಾರ್. ಯಾವ ಭಾಗ ಎಷ್ಟು ಹೊತ್ತು ತಿಂತು ಅಂತ ಬೇರೆ ಬೇರೆ ನೋಡ್ಬೇಕು."

ಎಷ್ಟು ಕೆಲಸವಾಯಿತು, ಮೆಮೊರಿಯಿಂದ ಅಂಕಿ ಬರಲು ಎಷ್ಟು ಕಾಯಬೇಕಾಯಿತು ಎಂದು ಎಣಿಸುವ ಕೌಂಟರುಗಳು ಪ್ರೊಸೆಸರಿನೊಳಗೇ ಇರುತ್ತವೆ. ಆ ದಿನದ ಮಳೆಯ ಅಂಕಿಗಳನ್ನೇ ಕೊಟ್ಟು ಪ್ರೋಗ್ರಾಂ ಓಡಿಸಿದೆ. ಮಾಮನ ಲೆಕ್ಕ ಶುರುವಾಗುವ ಮುಂಚೆ ಕೌಂಟರು ಚಾಲೂ, ಮುಗಿದೊಡನೆ ಬಂದ್. ನಲವತ್ತು ಸೆಕೆಂಡು, ಅಷ್ಟೇ.

ಖುಷಿಯಿಂದ ಆ ಚಾಲೂ-ಬಂದ್ ಸಾಲುಗಳನ್ನು ಉಳಿದ ಭಾಗಗಳಿಗೆ ಸರಿಸುತ್ತ ಹೋದೆ. ಮಳೆಮಾಪಕಗಳ ಅಂಕಿ ಪರೀಕ್ಷಿಸುವಲ್ಲಿ ಎಂಟು ನಿಮಿಷ ಸಿಕ್ಕಿತು. ಪ್ರೊಸೆಸರು ಕೆಲಸ ಮಾಡಿದ್ದಕ್ಕಿಂತ ಕಾದದ್ದೇ ಹೆಚ್ಚು. ಪ್ರತಿ ಹೊಸ ಅಂಕಿಗೂ ಹಳೆಯ ಪಟ್ಟಿಯನ್ನೆಲ್ಲ ಜಾಲಾಡುವ ಆ ಪರೀಕ್ಷೆಯನ್ನು ವಸಂತದಲ್ಲಿ ಸೇರಿಸಿದ್ದು ನಾನು. ಮಳೆ ಹೆಚ್ಚಿದಷ್ಟೂ ಪಟ್ಟಿ ಉದ್ದವಾಗುತ್ತಿತ್ತು.

ಮಧ್ಯಾಹ್ನವೇ ಮಾಮನ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಕಳಲೆ ಸುಲಿಯುತ್ತಿದ್ದರು.

"ತಡ ಮಾಡಿದ್ದು ನಂದು, ಮಾಮ."

ಅವರು ತಲೆ ಎತ್ತಲಿಲ್ಲ. "ಅನುಮಾನ ಇತ್ತು ಕಣಮ್ಮ. ನಿನ್ ಆ ಪರೀಕ್ಷೇನ ನೋಡ್ದೇ ಸಹಿ ಹಾಕಿದೋನು ನಾನು. ಅಳೆಯೋಕೆ ಧೈರ್ಯ ಬರ್ಲಿಲ್ಲ. ನಂಗಿನ್ನು ಒಂದೇ ವರ್ಷ ಸರ್ವೀಸು, ನಿಂಗಿನ್ನೂ ಮೂವತ್ತು ವರ್ಷ ಇದೆ. ನನ್ ಮೇಲೇ ಇರ್ಲಿ ಬಿಡು ಅಂದ್ಕೊಂಡೆ."

"ಅಷ್ಟರಲ್ಲಿ ಇನ್ನೊಂದು ಚಂಡಮಾರುತ ಬಂದಿದ್ರೆ?"

ಚಾಕು ಹಿಡಿದ ಕೈ ನಿಂತಿತು.

ಸಂಜೆ ವರದಿಯಲ್ಲಿ ನನ್ನ ಹೆಸರೇ ಬರೆದುಕೊಟ್ಟೆ. ತಿದ್ದಿದ ಮೇಲೆ ಆ ಭಾಗ ಆರು ಸೆಕೆಂಡಿಗೆ ಇಳಿಯಿತು. ನನ್ನನ್ನು ಕಡತಗಳ ವಿಭಾಗಕ್ಕೆ ಹಾಕಿದರು. ಮಾಮನನ್ನು ವಾಪಸ್ ಕರೆದರೂ ಅವರು ಬರಲಿಲ್ಲ. ನನ್ನ ಫೋನೂ ಎತ್ತಲಿಲ್ಲ.

ಸತ್ತ ಹೆಂಗಸಿನ ಗಂಡನಿಗೆ ಪತ್ರ ಬರೆಯುತ್ತೇನೆಂದಾಗ ಕಚೇರಿಯ ವಕೀಲರು ಬೇಡವೆಂದರು. ಒಂದು ದಿನ ರಜೆ ಹಾಕಿ ಬಸ್ಸು ಹತ್ತಿ ನಾನೇ ಹೋದೆ. ಅವರು ಅಂಗಳದಲ್ಲಿ ನಿಂತೇ ನನ್ನ ಮಾತೆಲ್ಲ ಕೇಳಿದರು.

"ಸೈರನ್ ಕೂಗಿದ್ಮೇಲೆ ಹೊರಡೋಣ ಅಂತ ಕೂತಿದ್ಲು ಅವ್ಳು," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.