ಚಂದ್ರಶಿಲೆ ಹತ್ತಿದ ನಾಗರತ್ನಕ್ಕ

ನಾಗರತ್ನಕ್ಕನ ಎಡಭುಜ ಬಲಭುಜಕ್ಕಿಂತ ತುಸು ತಗ್ಗು. ದೂರದಿಂದ ಬರುವಾಗ ಯಾರದೋ ಪಿಸುಮಾತಿಗೆ ಕಿವಿಗೊಟ್ಟು ನಡೆಯುವವರಂತೆ ಕಾಣುತ್ತಾರೆ. ಅದು ಹೆಗಲಿಗೆ ಜೋತುಬಿದ್ದ ಚೀಲವು ವರ್ಷಗಟ್ಟಲೆ ಎಳೆದು ಮಾಡಿದ ಓರೆ ಎಂಬುದು ಹತ್ತಿರ ಬಂದಾಗಲೇ ತಿಳಿಯುವುದು. ಆ ಚೀಲದಲ್ಲಿ ಅವರದೆಂಬುದು ಒಂದು ಕನ್ನಡಕ ಮಾತ್ರ. ಮಿಕ್ಕದ್ದೆಲ್ಲ ತಮ್ಮ ಸುಭಾಸನ ಬಿ.ಪಿ. ಗುಳಿಗೆ, ಅವನ ಹೆಂಡತಿ ಮಂಜುಳಾಳ ಮೊಣಕಾಲಿನ ಮುಲಾಮು, ಅವರ ಮಗಳು ಉಮಾಶ್ರೀಯ ಕೂಸಿನ ಟೊಪ್ಪಿಗೆ, ಔಷಧ, ಚುರಮುರಿ.

ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ, ಮದುವೆಯಾಗದ ಈ ಹೆಂಗಸು ತಮ್ಮನ ಸಂಸಾರದೊಡನೆಯೇ ಇದ್ದವರು. ಸಾಲಹಳ್ಳಿಯಲ್ಲಿ ಲಸಿಕೆ ಹಾಕಿ ಬಸ್ಸು ತಪ್ಪಿ, ಮಳೆಯಲ್ಲಿ ತೊಯ್ದು ಮನೆಗೆ ಬಂದ ದಿನವೂ ಅವರೇ ಒಲೆ ಹೊತ್ತಿಸಿದ್ದನ್ನು ಅದೇ ಓಣಿಯವನಾದ ನಾನು ಕಂಡಿದ್ದೇನೆ. ಅವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು, "ನೀವು ಮುಂದ ನಡೀರಿ, ನಾ ಹಿಂದಿಂದ ಬರತೇನಿ." ಊಟದ ಪಂಕ್ತಿಗೂ ಅದೇ, ಮದುವೆಗೆ ಹೊರಟ ಜೀಪಿಗೂ ಅದೇ. ಮುಂದೆ ನಡೆದವರು ಹಿಂತಿರುಗಿ ನೋಡುವ ರೂಢಿ ಆ ಮನೆಯಲ್ಲಿ ಬೆಳೆಯಲಿಲ್ಲ. ಯಾರೂ ಕೆಟ್ಟವರಲ್ಲ, ಅಕ್ಕ ಇದ್ದೇ ಇರುತ್ತಾರೆಂಬ ಭರವಸೆ, ಅಷ್ಟೆ.

ಹೋದ ಮೇ ತಿಂಗಳಲ್ಲಿ ಇವರೆಲ್ಲ ಕೇದಾರಯಾತ್ರೆ ಮುಗಿಸಿ, ಮರಳುವ ದಾರಿಯಲ್ಲಿ ಚೋಪ್ತಾ ಎಂಬಲ್ಲಿ ಇಳಿದರು. ಅಲ್ಲಿಂದ ತುಂಗನಾಥನ ಗುಡಿಗೆ ಕಲ್ಲು ಹಾಸಿದ ದಾರಿ. ಗುಡಿಯ ಮೇಲುಗಡೆ ಚಂದ್ರಶಿಲೆಯ ಶಿಖರ. ಮಕ್ಕಳುಮರಿ ಕಟ್ಟಿಕೊಂಡು ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬಹುದಾದ ಬೆಟ್ಟ. ನಮ್ಮೂರ ಕಡೆಯ ಸುರೇಬಾನದ ಗುಡ್ಡಕ್ಕಿಂತ ಎತ್ತರವನ್ನು ಎಂದೂ ಹತ್ತದ ನಾಗರತ್ನಕ್ಕ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ತೊಟ್ಟು, ಮೇಲೆ ತಮ್ಮನ ಹಳೆಯ ಕೋಟು ಏರಿಸಿ, ಎಂದಿನಂತೆ ಎಲ್ಲರ ಹಿಂದೆ ನಡೆದರು. ಮರಗಳು ಮುಗಿದು ಹುಲ್ಲು ಬಂತು, ಹುಲ್ಲಿನ ಸಂದಿಯಲ್ಲಿ ಕರಗದ ಹಿಮ.

ಗುಡಿ ಮುಟ್ಟುವಷ್ಟರಲ್ಲಿ ಮಂಜುಳಾಳ ಮೊಣಕಾಲು ಸೋತಿದ್ದವು. ಕೂಸು ಚಳಿಗೆ ಅಳುತ್ತಿತ್ತು. ದರ್ಶನವಾದದ್ದೇ ಸುಭಾಸ, "ಸಾಕಿನ್ನ, ಇಳಿಯೂಣು. ಮ್ಯಾಲೆ ಬರೇ ಮಂಜ ಐತಿ," ಎಂದ.

ನಾಗರತ್ನಕ್ಕ ತಲೆಯೆತ್ತಿ ನೋಡಿದರು. ಬಂಡೆಗಳ ನಡುವಿನ ಕಾಲುದಾರಿ ಮೋಡದೊಳಗೆ ಹೊಕ್ಕಿತ್ತು. ಚೀಲವನ್ನು ಇಳಿಸಿ ಉಮಾಶ್ರೀಯ ಕೈಗಿತ್ತು, "ನೀವು ಮುಂದ ನಡೀರಿ, ನಾ ಹಿಂದಿಂದ ಬರತೇನಿ," ಎಂದರು.

"ಲಗೂನ ಬರ್ರಿ ಅತ್ತಿ," ಎಂದು ಉಮಾಶ್ರೀ ಇಳಿದಳು. ಅವರೆಲ್ಲ ತಿರುವಿನಲ್ಲಿ ಮರೆಯಾದ ಮೇಲೆ ನಾಗರತ್ನಕ್ಕ ಮೇಲಕ್ಕೆ ಹೆಜ್ಜೆಯಿಟ್ಟರು.

"ಎದಿ ಬಡಕೊಳ್ಳಾಕ ಹತ್ತಿತ್ತು," ಎಂದು ಆಮೇಲೆ ನಮ್ಮ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದರು. "ಕುಂತು ನನ್ನ ನಾಡಿ ನಾನ ಹಿಡಕೊಂಡು ನೋಡಿದೆ. ಇಷ್ಟ ವರ್ಷ ಮಂದಿ ನಾಡಿ ಹಿಡದೇನಿ, ನಂದು ಹಿಡದದ್ದು ಅದ ಮೊದಲು."

ತುದಿಯಲ್ಲಿ ಒಂದು ಪುಟ್ಟ ಗುಡಿ, ಗಾಳಿ, ಸುತ್ತಲೂ ಬಿಳಿ ಮಬ್ಬು. ಹಿಮಶಿಖರಗಳು ಕಾಣಿಸಲಿಲ್ಲ. ಅವರು ಕಲ್ಲಿನ ಮೇಲೆ ಕುಳಿತೇ ಇದ್ದರು. ಯಾರಾದರೂ ಹುಡುಕಿಕೊಂಡು ಬಂದಾರೆಂದು ಕಣ್ಣು ಮತ್ತೆ ಮತ್ತೆ ದಾರಿಯತ್ತ ಹೋಗುತ್ತಿತ್ತಂತೆ. ಯಾರೂ ಬರಲಿಲ್ಲ. ಆಗ ತಾವು ಅತ್ತದ್ದನ್ನೂ, ಅತ್ತ ಮೇಲೆ ಯಾತಕ್ಕೋ ನಗು ಬಂದದ್ದನ್ನೂ ಅವರು ಮುಚ್ಚಿಡಲಿಲ್ಲ.

ಕೆಳಗೆ ಚಹಾದಂಗಡಿಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. "ಗುಡ್ಯಾಗ ಜಪಕ್ಕ ಕುಂತಿದ್ರೇನ್ರಿ ಅಕ್ಕಾರ?" ಎಂದಳು ಮಂಜುಳಾ. "ಕೂಸಿನ ಔಷಧ ಯಾವ ಖಾನ್ಯಾಗ ಐತ್ರಿ?" ನಾಗರತ್ನಕ್ಕ ಖಾನೆ ತೋರಿಸಿದರು.

"ಮ್ಯಾಲೆ ಹೋಗಿದ್ದು ಅವರಿಗೆ ಯಾಕ ಹೇಳಲಿಲ್ರಿ?" ಎಂದು ನಾನು ಕೇಳಿದೆ.

"ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರ ಹೇಳತಿದ್ದೆ," ಎಂದರು. "ಅವರು ಕೇಳಲಿಲ್ಲ."

ಮನೆ ತುಂಬ ಮಂದಿಯ ನಡುವೆ ಒಂಟಿಯಾದವರನ್ನು ಗುರುತಿಸುವುದು ಕಠಿಣ, ಏಕೆಂದರೆ ಅವರ ಕೈ ಸದಾ ಯಾವುದೋ ಕೆಲಸದಲ್ಲಿರುತ್ತದೆ. ಅವರಿಗೂ ಆಸೆಗಳಿರುತ್ತವೆ. ಯಾರಿಗೂ ತೊಂದರೆಯಾಗದ ಹೊತ್ತು ನೋಡಿ, ಒಬ್ಬರೇ ಹೋಗಿ ಅವನ್ನು ಮುಟ್ಟಿ, ಊಟದ ವೇಳೆಗೆ ಮರಳಿ ಬಂದುಬಿಡುತ್ತಾರೆ.