ಅರೆಕೋಡಿ ಗುಡ್ಡದ ದುರ್ಬೀನು

ನಾನು ಒಂದು ದುರ್ಬೀನು. ಎರಡು ಕೊಳವೆ, ನಡುವೆ ಒಂದು ತಿರುಪು, ಕೊರಳಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ. ಇಷ್ಟೇ ನನ್ನ ಮೈ. ಹುಟ್ಟಿದ್ದು ಚಳಿಯ ದೇಶವೊಂದರ ಕಾರ್ಖಾನೆಯಲ್ಲಿ. ನನ್ನ ಗಾಜುಗಳನ್ನು ಉಜ್ಜಿ ನುಣುಪು ಮಾಡಿದ ಹೆಂಗಸು ಅವನ್ನು ಕಿಟಕಿಯತ್ತ ಹಿಡಿದು ಪರೀಕ್ಷಿಸುತ್ತಿದ್ದಳು. ಹೊರಗೆ ಹಿಮ ಬಿಟ್ಟರೆ ಬೇರೇನೂ ಇರಲಿಲ್ಲ. ಆಗಲೇ ನನಗೆ ಚಡಪಡಿಕೆ ಶುರುವಾಯಿತು. ಇಷ್ಟೊಳ್ಳೆಯ ಕಣ್ಣು ಕೊಟ್ಟು ಬರೀ ಬಿಳುಪು ತೋರಿಸಿದರೆ ಯಾರಿಗೆ ತಾನೇ ತಡೆದೀತು!

ನನ್ನನ್ನು ಕೊಂಡವಳು ಒಬ್ಬ ಪ್ರವಾಸಿ. ಅವಳು ನನ್ನನ್ನು ಮೆಡಿಟರೇನಿಯನ್ ಸಮುದ್ರದ ದಂಡೆಯ ಒಂದು ಗ್ರೀಕ್ ಹಳ್ಳಿಗೆ ಕರೆದೊಯ್ದು, ಕಡಿದಾದ ಬಂಡೆಯ ಮೇಲಿನ ಕಾಫಿ ಅಂಗಡಿಯಲ್ಲಿ ಮರೆತು ಹೋದಳು. ಅಂಗಡಿಯ ಮುದುಕ ಲೆಫ್ತೆರಿಸ್ ನನ್ನನ್ನು ದ್ರಾಕ್ಷಿ ಚಪ್ಪರದ ಕಂಬಕ್ಕೆ ನೇತುಹಾಕಿದ. ಕಾಫಿ ಕುಡಿಯಲು ಬಂದವರೆಲ್ಲ ನನ್ನ ಮೂಲಕ ಊರು ನೋಡುತ್ತಿದ್ದರು. ಕೆಳಗೆ ಸುಣ್ಣ ಬಳಿದ ಮನೆಗಳು, ಆಚೆಗೆ ಪಾಳುಬಿದ್ದ ಕೋಟೆ, ನೀರು ನುಗ್ಗಿ ನೀಲಿಯಾಗುವ ಗುಹೆ, ಆಲಿವ್ ಮರಗಳ ನಡುವೆ ಕತ್ತೆಯ ಮೇಲೆ ಕುಳಿತು ಏರುವ ಪ್ರವಾಸಿಗರು. ಒಬ್ಬರ ಕಣ್ಣಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಕಸಿದುಕೊಂಡು ತಿರುಪು ತಿರುಗಿಸುತ್ತಿದ್ದರು. ಯಾವುದನ್ನೂ ಕಣ್ತುಂಬ ನೋಡಲು ಬಿಡುತ್ತಿರಲಿಲ್ಲ.

ಆ ಬಂದರಿಗೆ ರಿಪೇರಿಗೆಂದು ಬಂದು ನಿಂತ ಹಡಗಿನಲ್ಲಿ ಹೆರಿಯಣ್ಣ ಎಂಬ ಖಲಾಸಿ ಇದ್ದ. ಕುಂದಾಪುರದ ಕಡೆಯವನು. ಗಾಳಿಗೆ ಮುರಿದುಬಿದ್ದ ಚಪ್ಪರವನ್ನು ಅವನು ಹಡಗಿನವರ ಗಂಟು ಹಾಕಿ ಮತ್ತೆ ಎತ್ತಿ ನಿಲ್ಲಿಸಿಕೊಟ್ಟ. ಲೆಫ್ತೆರಿಸ್‌ಗೆ ಅವನ ಭಾಷೆ ಬಾರದು, ಅವನಿಗೆ ಇವನದು ಬಾರದು. ಹಡಗು ಹೊರಡುವ ದಿನ ಮುದುಕ ಸುಮ್ಮನೆ ನನ್ನನ್ನು ತೆಗೆದು ಅವನ ಕೊರಳಿಗೆ ಹಾಕಿದ. ಹಾಗೆ ನಾನು ಅರೆಕೋಡಿಗೆ ಬಂದೆ.

ಅರೆಕೋಡಿ ಸಮುದ್ರಕ್ಕೆ ಮೂಗು ಚಾಚಿ ಕುಳಿತ ಹಳ್ಳಿ. ಮೂಗಿನ ತುದಿಗೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮುರಿದ ಕೋಟೆಯ ಗೋಡೆ. ಎದುರಿಗೆ ಕೊಕ್ಕರೆಗಡ್ಡೆ ಎಂಬ ದ್ವೀಪ. ದ್ವೀಪಕ್ಕೆ ಹೋಗುವ ದಾರಿಯಲ್ಲಿ ನಡುವೆ ತೂತಾದ ಒಂದು ದೊಡ್ಡ ಬಂಡೆ, ಅದೇ ತೂತುಕಲ್ಲು. ಅಲೆ ಇಳಿದಿರುವಾಗ ದೋಣಿ ಅದರೊಳಗೇ ಹೊಕ್ಕು ಆಚೆ ಬರುತ್ತದೆ. ಅದನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಾರೆ.

ಹೆರಿಯಣ್ಣ ನನ್ನನ್ನು ಹೆಂಡತಿ ಮೂಕಾಂಬುವಿನ ಕೈಗಿತ್ತು ಮತ್ತೆ ಹಡಗು ಹತ್ತಿದ. ಮೊದಮೊದಲು ಫೋನ್ ಬರುತ್ತಿತ್ತು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಅದೂ ನಿಂತಿತು. ಯಾವುದೋ ಬಂದರಿನಲ್ಲಿ ಇಳಿದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ ಎಂದು ಜೊತೆಯ ಖಲಾಸಿಯೊಬ್ಬ ಸುದ್ದಿ ತಂದ.

"ಮುಳ್ಗಿ ಸತ್ರೆ ಅಳುಕಾರೂ ಆತಿತ್ತ್. ಇದಕ್ಕೆಂತ ಮಾಡುದ್?" ಎಂದಳು ಮೂಕಾಂಬು. ಅತ್ತದ್ದನ್ನು ನಾನು ನೋಡಲಿಲ್ಲ. ಅಂದಿನಿಂದ ಅವಳು ಸಮುದ್ರಕ್ಕೆ ಕಾಲು ಹಾಕಲಿಲ್ಲ. ಮಗಳು ಸುಗಂಧಿಯನ್ನೂ ನೀರಿನ ಹತ್ತಿರ ಬಿಡಲಿಲ್ಲ. ಸಮುದ್ರ ಹತ್ತಿದವರನ್ನು ನೆಲ ಹಿಡಿದಿಟ್ಟುಕೊಳ್ಳಲಾರದು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ನನ್ನನ್ನು ಮಾರಿಬಿಡಲೆಂದೇ ಅವಳು ಒಂದು ದಿನ ಗುಡ್ಡ ಹತ್ತಿದ್ದು. ಪ್ರವಾಸಿಗನೊಬ್ಬ ಕೊಳ್ಳಲಿಲ್ಲ, ಒಮ್ಮೆ ನೋಡುವುದಕ್ಕೆ ಕಾಸು ಕೊಡುತ್ತೇನೆ ಎಂದ. ಅವನ ಹಿಂದೆ ಇನ್ನೊಬ್ಬ ನಿಂತ. ಸಂಜೆಯ ಹೊತ್ತಿಗೆ ಅವಳಿಗೊಂದು ಬದುಕು ಸಿಕ್ಕಿತ್ತು. ಅಂದಿನಿಂದ ನಾನು ಅವಳ ಎದೆಯ ಮೇಲೆ ತೂಗಾಡುತ್ತಾ ಬಾಳಿದೆ. ಕೆಳಗಿನಿಂದ ಅವಳ ಗಲ್ಲವನ್ನೇ ನಾನು ಹೆಚ್ಚು ನೋಡಿದ್ದು. ಮನಸ್ಸಿನಲ್ಲಿ ಏನಾದರೂ ಕುದಿಯುತ್ತಿದ್ದರೆ ಅವಳ ಗಲ್ಲ ಕಲ್ಲಾಗುತ್ತಿತ್ತು.

"ಅಲ್ ಕಾಣಿ, ತೂತುಕಲ್ಲ್. ಅದ್ರೊಳಗೆ ದೋಣಿ ಹೊಕ್ಕ್ ಹೊರಗ್ ಬತ್ತಿತ್ತ್ ಕಾಣಿ," ಎಂದು ಅವಳು ಎಲ್ಲರಿಗೂ ತೋರಿಸುತ್ತಿದ್ದಳು. ತಾನು ಮಾತ್ರ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರಿಗೆ ಏನೂ ಸರಿಯಾಗಿ ಕಾಣುತ್ತಿಲ್ಲವೆಂದು ಮೂಕಾಂಬು ತಾನೇ ನನ್ನನ್ನು ಕಣ್ಣಿಗೆ ಹಿಡಿದು ತಿರುಪು ಹೊಂದಿಸಿದಳು. ಗಣಪ ಖಾರ್ವಿಯ ಪ್ರವಾಸಿ ದೋಣಿ ದ್ವೀಪದ ಕಡೆ ಹೊರಟಿತ್ತು. ಗಣಪ ಮುಂದುಗಡೆ ಜನರೊಂದಿಗೆ ಹರಟುತ್ತಾ ಕುಳಿತಿದ್ದ. ಹಿಂದೆ ಚುಕ್ಕಾಣಿ ಹಿಡಿದು ನಿಂತವಳು ಒಬ್ಬ ಹುಡುಗಿ. ಹಸಿರು ಚೂಡಿದಾರ. ಆ ಚೂಡಿದಾರದ ತೋಳಿಗೆ ಮೂಕಾಂಬುವೇ ಕಳೆದ ವಾರ ತೇಪೆ ಹಾಕಿದ್ದಳು.

ದಿನಾ ಬೆಳಿಗ್ಗೆ ಬಸ್ಸು ಹತ್ತಿ ಪೇಟೆಗೆ ಟೈಲರಿಂಗ್ ಕ್ಲಾಸಿಗೆ ಹೋಗುತ್ತಿದ್ದ ಮಗಳು ಅವಳು.

ಮೂಕಾಂಬುವಿನ ಗಲ್ಲ ಕಲ್ಲಾಯಿತು. ಅಜ್ಜಿಗೆ ನನ್ನನ್ನು ಕೊಡುವುದನ್ನೇ ಮರೆತಳು. ಸಂಜೆ ಸುಗಂಧಿ ಮನೆಗೆ ಬಂದಾಗ ನಾನು ಗೋಡೆಯ ಮೊಳೆಯಲ್ಲಿದ್ದೆ. ಮೂಕಾಂಬು ಮೀನು ಕೊಯ್ಯುತ್ತಾ ತಲೆಯೆತ್ತದೆ ಕೇಳಿದಳು: "ಇವತ್ತ್ ಎಂತ ಕಲ್ಸಿರ್?"

"ಕಾಲರ್ ಹೊಲುದ್, ಅಬ್ಬೆ."

"ಕಷ್ಟವಾ?"

"ಸುರೂವಿಗೆ ಕಷ್ಟ. ಈಗ ಕೈ ಕೂತಿತ್ತ್."

ಮೂಕಾಂಬು ಮುಂದಿನ ಮೀನು ಎತ್ತಿಕೊಂಡಳು. ಆದರೆ ಆ ದಿನದಿಂದ ನನಗೆ ಬಿಡುವೆಂಬುದೇ ಇಲ್ಲವಾಯಿತು. ದೋಣಿ ಹೊರಟರೆ ಸಾಕು, ಅವಳು ನನ್ನನ್ನು ಕಣ್ಣಿಗೊತ್ತಿ ಹಿಡಿಯುತ್ತಿದ್ದಳು. ದೋಣಿ ದ್ವೀಪದ ಮರೆಗೆ ಹೋದರೆ ಕೋಟೆಗೋಡೆಯುದ್ದಕ್ಕೂ ಆಚೀಚೆ ಓಡಾಡುತ್ತಿದ್ದಳು. ಮತ್ತೆ ಕಾಣಿಸಿಕೊಂಡರೆ ಉಸಿರು ಬಿಡುತ್ತಿದ್ದಳು. "ಯಕ್ಕಾ, ಬರೇ ನೀವ ನೋಡಾಕತ್ತೀರಿ, ನಮ್ಮ ಪಾಳಿ ಯಾವಾಗ್ರೀ?" ಎಂದು ಜನ ಗೊಣಗುತ್ತಿದ್ದರು. ಅವಳಿಗೆ ಕೇಳಿಸುತ್ತಿರಲಿಲ್ಲ. ಮಗಳನ್ನು ತಡೆಯಲೂ ಆಗದು, ನೋಡದಿರಲೂ ಆಗದು. ಮಗಳು ದೋಣಿಯನ್ನು ತೂತುಕಲ್ಲಿನೊಳಗೆ ನುಸುಳಿಸಿ ಆಚೆ ತಂದಾಗ ಒಮ್ಮೊಮ್ಮೆ ಅವಳ ತುಟಿ ಅರಳುತ್ತಿದ್ದುದೂ ಉಂಟು. ಮರುಕ್ಷಣವೇ ತುಟಿ ಕಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ತುಂಬಿದ ದೋಣಿ ತೂತುಕಲ್ಲನ್ನು ಸಮೀಪಿಸಿತ್ತು. ಅಲ್ಲಿಯೇ ಅದರ ಎಂಜಿನ್ ನಿಂತುಬಿಟ್ಟಿತು. ನೀರಿನಲ್ಲಿ ತೇಲುತ್ತಿದ್ದ ಹಳೆಯ ಬಲೆಯೊಂದು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿತ್ತು. ಅಲೆಗಳು ದೋಣಿಯನ್ನು ಬಂಡೆಯ ಕಡೆಗೆ ತಳ್ಳತೊಡಗಿದವು.

ಗುಡ್ಡದ ಮೇಲೆ ನಿಂತ ಬೇರೆಯವರಿಗೆ ಅದು ಕಾಳಿನಷ್ಟು ದೋಣಿ. ಮೂಕಾಂಬುವಿಗೆ ಮಾತ್ರ ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಸುಗಂಧಿ ಲಂಗರು ಎಸೆದದ್ದು ಕಂಡಿತು. ಲಂಗರು ಕಚ್ಚದೆ ಜಾರಿದ್ದು ಕಂಡಿತು. ಆಮೇಲೆ ಹಗ್ಗ ಬಿಗಿಯಾಗಿ ದೋಣಿ ಬಂಡೆಗೆ ತುಸು ಈಚೆಗೆ ತಡೆದು ನಿಂತಿತು. ಆದರೆ ಆ ಹಗ್ಗ ಎಷ್ಟು ಹೊತ್ತು ತಾಳೀತು? ಸುಗಂಧಿ ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಳು, ಅದರ ತುದಿಯನ್ನು ಗಣಪನ ಕೈಗೆ ಕೊಟ್ಟಳು, ಕತ್ತಿ ಹಿಡಿದು ನೀರಿಗೆ ಇಳಿದಳು.

ನನ್ನೊಳಗೆ ಸಮುದ್ರ, ಆಕಾಶ, ಬಂಡೆ ಎಲ್ಲ ಕಲಸಿಹೋಯಿತು. ಮೂಕಾಂಬು ಮೊಣಕೈಗಳನ್ನು ಕೋಟೆಗೋಡೆಗೆ ಊರಿ ನನ್ನನ್ನು ಗಟ್ಟಿಯಾಗಿ ಹಿಡಿದಳು. ದೋಣಿಯ ಹಿಂದೆ ಬರೀ ನೀರು. ನೀರು ಏರಿತು, ಇಳಿಯಿತು. ತಲೆ ಕಾಣಲಿಲ್ಲ.

"ಮೇಲೆ ಬಾ ಹೆಣ್ಣೇ... ಮೇಲೆ ಬಾ..."

ನಾನು ಬೇಕಾದಷ್ಟು ದೂರದ್ದನ್ನು ಹತ್ತಿರ ತಂದು ತೋರಿಸಿದ್ದೇನೆ. ಆದರೆ ಕೈ ಚಾಚಿ ಹಿಡಿದುಕೊಳ್ಳಲು ಯಾರಿಗೂ ಏನನ್ನೂ ಕೊಟ್ಟವನಲ್ಲ. ಆ ದಿನದಷ್ಟು ನನ್ನ ಮೇಲೆ ನನಗೆ ಎಂದೂ ಸಿಟ್ಟು ಬಂದಿರಲಿಲ್ಲ.

ಕೊನೆಗೂ ಒಂದು ತಲೆ ಮೇಲೆ ಬಂತು. ಆಮೇಲೆ ಒಂದು ಕೈ. ಕೈಯಲ್ಲಿ ಕಪ್ಪು ಬಲೆಯ ದೊಡ್ಡ ಮುದ್ದೆ. ಎಂಜಿನ್ನಿನ ಹೊಗೆ ಕಂಡದ್ದೇ ತಡ, ಮೂಕಾಂಬು ನನ್ನನ್ನು ಕೈಬಿಟ್ಟು ಗುಡ್ಡ ಇಳಿದು ಓಡಿದಳು. ನಾನು ಅವಳ ಎದೆಗೂ ದಾರಿಯ ಕಲ್ಲುಗಳಿಗೂ ಬಡಿದುಕೊಳ್ಳುತ್ತಾ ಹೋದೆ. ಒಂದು ತಿರುವಿನಲ್ಲಿ ಮುರಕಲ್ಲಿನ ಮೆಟ್ಟಿಲಿಗೆ ತಾಗಿ ನನ್ನ ಬಲಗಡೆಯ ಕೊಳವೆಯೊಳಗೆ ಏನೋ ಕಳಚಿತು.

ದೋಣಿ ಕಟ್ಟುವ ಧಕ್ಕೆಯಲ್ಲಿ ಸುಗಂಧಿ ಒದ್ದೆ ಬಟ್ಟೆಯಲ್ಲಿ ಇಳಿದು ನಿಂತಿದ್ದಳು. ಅಂಗೈ ಕೊಯ್ದು ರಕ್ತ ಸೋರುತ್ತಿತ್ತು. ಅಬ್ಬೆಯನ್ನು ಕಂಡು ಅವಳು ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಇದೇಯಾ ನಿನ್ ಕಾಲರ್ ಹೊಲುದ್?" ಎಂದಳು ಮೂಕಾಂಬು.

"ಮೂಕಾಂಬಕ್ಕ, ಹುಡ್ಗಿಗೆ ಬೈಬೇಡಿ. ಇವತ್ತ್ ಅವ್ಳ್ ಇಲ್ದಿದ್ರೆ..." ಎಂದು ಗಣಪ ನಡುವೆ ಬಂದ.

"ನೀವ್ ಸುಮ್ನಿರಿ ಗಣಪಣ್ಣ."

ಸುಗಂಧಿ ತಲೆಯೆತ್ತಿದಳು. "ಅಪ್ಪಯ್ಯ ಹೋದಾಂಗೆ ನಾ ಹೋತಿಲ್ಲೆ ಅಬ್ಬೆ. ಅವ್ರ ಹಡಗ್ ಬೇರೆ. ಈ ದೋಣಿ ಹೋಪ್ದೇ ವಾಪಾಸ್ ಬಪ್ಪುಕೆ. ದಿನಾ ಬತ್ತೆ ಅಲ್ದಾ?"

ಮೂಕಾಂಬು ಸೆರಗಿನ ಅಂಚು ಹರಿದು ಮಗಳ ಅಂಗೈಗೆ ಸುತ್ತಿದಳು. ಬಿಗಿಯಾಗಿ, ಸುಗಂಧಿ "ಹಾ" ಎನ್ನುವಷ್ಟು ಬಿಗಿಯಾಗಿ.

ಅದಾದ ಮೇಲೆ ಕೆಲವು ದಿನ ಅವಳು ಗುಡ್ಡಕ್ಕೂ ಹೋಗಲಿಲ್ಲ, ಮಗಳ ಜೊತೆ ಸರಿಯಾಗಿ ಮಾತನ್ನೂ ಆಡಲಿಲ್ಲ. ಮನೆಯೊಳಗೇ ಅತ್ತಿಂದಿತ್ತ ತಿರುಗುತ್ತಿದ್ದಳು. ಒಂದು ಬೆಳಿಗ್ಗೆ ಸುಗಂಧಿ ಹೊರಟು ನಿಂತಾಗ ಮೂಕಾಂಬು ನನ್ನನ್ನು ಕೊರಳಿಗೆ ಹಾಕಿಕೊಂಡು ತಾನೂ ಚಪ್ಪಲಿ ಮೆಟ್ಟಿದಳು.

"ನೀ ಎಲ್ಲಿಗೆ ಅಬ್ಬೆ?"

"ಟೈಲರಿಂಗ್ ಕ್ಲಾಸಿಗೆ."

ದೋಣಿ ಹತ್ತುವಾಗ ಅವಳು ಮಗಳ ಭುಜ ಹಿಡಿದುಕೊಂಡಳು. ದಾರಿಯುದ್ದಕ್ಕೂ ಹಲಗೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ತೂತುಕಲ್ಲಿನೊಳಗೆ ನೆರಳು ತಣ್ಣಗೆ ಮೈಮೇಲೆ ಬಿದ್ದಾಗ ಮಾತ್ರ ಒಮ್ಮೆ ಕಣ್ಣು ಬಿಟ್ಟು ಮೇಲೆ ನೋಡಿದಳು. ಕೊಕ್ಕರೆಗಡ್ಡೆಯಲ್ಲಿ ಇಳಿದ ಮೇಲೆ ನನ್ನನ್ನು ಎತ್ತಿ ಊರಿನ ಕಡೆ ತಿರುಗಿಸಿದಳು. ಪೆಟ್ಟು ತಿಂದ ನನಗೆ ಒಂದೊಂದು ವಸ್ತುವೂ ಎರಡೆರಡಾಗಿ ಕಾಣುತ್ತಿತ್ತು. ಅವಳು ನನ್ನನ್ನು ಕೆಳಗಿಳಿಸಿ ಬರಿಗಣ್ಣಿನಲ್ಲೇ ಗುಡ್ಡದ ನೆತ್ತಿಯನ್ನು ನೋಡಿದಳು.

"ನಾನ್ ಕೂಕಂಬು ಜಾಗ ಇಷ್ಟ್ ಸಣ್ಣದಾ! ಇಲ್ಲಿಂದ ಮನ್ಷರೇ ಕಾಂತಿಲ್ಲೆ."

"ನೀ ಕಾಂತಿದ್ದೆ," ಎಂದಳು ಸುಗಂಧಿ. "ನಿನ್ ದುರ್ಬೀನ್ ಬಿಸ್ಲಿಗೆ ಮಿಂಚ್ತಿತ್ತ್. ಅದ್ ಮಿಂಚಿದ್ ಕೂಡ್ಲೆ, ಅಬ್ಬೆ ನನ್ನೇ ಕಾಂತ ಇದ್ಳ್ ಅಂದ್ ಗೊತ್ತಾತಿತ್ತ್."

ಮೂಕಾಂಬು ಮಗಳತ್ತ ತಿರುಗಿದಳು. "ಗೊತ್ತಿದ್ದೂ ಕಾಲರ್ ಅಂದ್ಯಾ?"

"ಗೊತ್ತಿದ್ದೂ ನೀ ಕಷ್ಟವಾ ಅಂದ್ ಕೇಣ್ದೆ ಅಲ್ದಾ?"

ಇಬ್ಬರೂ ನಕ್ಕರು. ಮೂಕಾಂಬು ನಗುತ್ತಲೇ ಮುಖ ಒರೆಸಿಕೊಂಡಳು. ನಾನು ಮಾತ್ರ ಬೆರಗಾಗಿದ್ದೆ. ಜೀವಮಾನವೆಲ್ಲ ನೋಡುವುದೊಂದೇ ನನ್ನ ಕೆಲಸ ಎಂದುಕೊಂಡಿದ್ದೆ. ನನ್ನನ್ನೂ ಒಬ್ಬರು ದೂರದಿಂದ ನೋಡುತ್ತಿದ್ದರು ಎಂಬುದು ಹೊಳೆದಿರಲೇ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಉಪ್ಪುಗಾಳಿಗೆ ಗಾಜಿನೊಳಗೆ ಬೂಷ್ಟು ಹಿಡಿದು ಎರಡೂ ಕಣ್ಣು ಮಂಜಾಗಿವೆ. ಗಣಪ ದೋಣಿ ಬಿಟ್ಟು ಮನೆಯಲ್ಲಿದ್ದಾನೆ. ದೋಣಿಯನ್ನು ಸುಗಂಧಿಯೇ ನಡೆಸುತ್ತಾಳೆ. ಮೂಕಾಂಬು ಮುಂದೆ ಕುಳಿತು ಬಂದವರಿಗೆ ಊರು ತೋರಿಸುತ್ತಾಳೆ, ಬರಿಗಣ್ಣಿನಲ್ಲೇ. ನಾನು ಸೀಟಿನ ಕೆಳಗೆ, ಲೈಫ್ ಜಾಕೆಟ್ಟುಗಳ ನಡುವೆ ಬಿದ್ದಿರುತ್ತೇನೆ. ಇಲ್ಲಿಯೂ ನೆಮ್ಮದಿಯಾಗಿ ಮಲಗಲು ಆಗುವುದಿಲ್ಲ. ಹಲಗೆಯ ಕೆಳಗೆ ನೀರು ಬಡಿಯುತ್ತಲೇ ಇರುತ್ತದೆ. ಏನು ಬಂತು, ಯಾವ ಬಂಡೆ, ಯಾರು ಕೂಗಿದರು ಎಂದು ಜೀವ ತುಡಿಯುತ್ತದೆ.

ಮೊನ್ನೆ ಪ್ರವಾಸಿಯೊಬ್ಬ ನನ್ನನ್ನು ಹೊರಗೆಳೆದು ಕಣ್ಣಿಗೆ ಹಿಡಿದ. "ಇದ್ರಲ್ಲಿ ಏನೂ ಕಾಣ್ಸಲ್ವಲ್ಲಮ್ಮಾ. ಸುಮ್ನೆ ಯಾಕೆ ಇಟ್ಕೊಂಡಿದೀರ?" ಎಂದ.

ಮೂಕಾಂಬು ಕೈ ಚಾಚಿ ನನ್ನನ್ನು ತೆಗೆದುಕೊಂಡಳು, ಸೆರಗಿನಿಂದ ಒರೆಸಿದಳು.

"ಇಷ್ಟ್ ವರ್ಷ ಎಲ್ರಿಗೂ ತೋರ್ಸಿ ತೋರ್ಸಿ ಸಾಕಾಯ್ತ್ ಅದ್ಕೆ," ಎಂದಳು. "ಈಗ ಅದೂ ಒಂಚೂರ್ ಊರ್ ತಿರ್ಗ್ಲಿ, ಬಿಡಿ."