ದಾರದ ತುದಿ

ಆ ದೀಪವನ್ನು ಒಂಚೂರು ಆಚೆ ತಿರುಗಿಸಬಾರದೇ, ಕಣ್ಣು ಮುಚ್ಚಿಕೊಂಡರೂ ರೆಪ್ಪೆಯೊಳಗೆಲ್ಲ ಕೆಂಪು, ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ ಅನ್ನುತ್ತಾರೆ ಡಾಕ್ಟರಮ್ಮ, ಇನ್ನೆಷ್ಟು ತೆಗೆಯುವುದು, ಆಗಲೇ ಹೊಲಿಗೆ ಬಿಚ್ಚಿದ ಜೇಬಿನ ಹಾಗೆ ಕಿವಿಯವರೆಗೂ ತೆಗೆದಾಗಿದೆ — ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಕೆಳತುಟಿ ತನ್ನದೋ ಪಕ್ಕದ ಮನೆಯವರದೋ ಅವಳಿಗೆ ತಿಳಿಯುತ್ತಿಲ್ಲ, ತಲೆಬುರುಡೆಯೊಳಗೆ ಬರೀ ಕರಕರ ಸದ್ದು, ವಸಡಿನ ಕೆಳಗೆ ಕಲ್ಲಾಗಿ ಕೂತ ಪಾಚಿಯನ್ನು ಕೆರೆದು ತೆಗೆಯುತ್ತಿದ್ದಾರೆ, ಇಷ್ಟು ವರ್ಷ ಅದು ಅಲ್ಲಿ ಹೇಳದೆ ಕೇಳದೆ ಸಂಸಾರ ಹೂಡಿತ್ತಂತೆ. ನೋವೇ ಇರ್ಲಿಲ್ವಲ್ಲ ಡಾಕ್ಟ್ರೇ, ಅಂದಿದ್ದಳು ಮೊದಲ ದಿನ. ಅದೇ ಇದರ ಕಳ್ಳಬುದ್ಧಿ, ನೋವು ಕೊಡದೇನೇ ಬುಡ ಸಡಿಲ ಮಾಡುತ್ತೆ, ರಕ್ತ ಯಾವಾಗಿಂದ ಬರ್ತಿತ್ತು? ಯಾವಾಗಿಂದ ಅಂತ ಹೇಳುವುದು, ಹೊಲಿಗೆ ಅಂಗಡಿಯಲ್ಲಿ ಹುಟ್ಟಿ ಹೊಲಿಗೆ ಅಂಗಡಿಯಲ್ಲೇ ಬೆಳೆದವಳು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿಯುವುದು ಉಸಿರಾಡಿದಷ್ಟೇ ಸಲೀಸು, ಕತ್ತರಿಗೆ ಕೊಟ್ಟ ದುಡ್ಡು ದಂಡ ಕಣೇ ಅಂತ ಗಂಡ ರೇಗಿಸುತ್ತಾನೆ, ಬಿಳಿ ದಾರ ಕಡಿದಾಗ ತುದಿ ಕೆಂಪಾಗಿರುತ್ತಿತ್ತು, ಗಿರಾಕಿಯ ಬಟ್ಟೆಗೆ ಕಲೆ ಆದೀತೆಂದು ಆ ಕೆಂಪು ತುದಿಯನ್ನು ಕತ್ತರಿಯಿಂದ ಕತ್ತರಿಸಿ ಎಸೆಯುತ್ತಿದ್ದಳು, ಕತ್ತರಿ ಕೈಯಲ್ಲೇ ಇತ್ತು. ದಾರದಿಂದ ಈ ರೋಗ ಬಂದಿದ್ದಲ್ಲ, ದಾರ ತೋರಿಸ್ತು ಅಷ್ಟೆ, ನೀವು ನೋಡ್ಲಿಲ್ಲ, ಅಂದರು ಡಾಕ್ಟರಮ್ಮ ಇದನ್ನೆಲ್ಲ ಕೇಳಿಸಿಕೊಂಡು.

ನೋಡದೆ ಏನು, ಅಮ್ಮನ ದಾರದಲ್ಲೂ ನೋಡಿದ್ದಳು, ಅಮ್ಮ ಮಷಿನ್ ತುಳಿಯುತ್ತ ಹಿಂದಿರುಗಿಯೂ ನೋಡದೆ ಹೇಳುವಳು, ರಕ್ತ ಬರೋ ಕಡೆ ಬ್ರಷ್ ತಾಗಿಸ್ಬೇಡ ಕಂದಾ, ಗಾಯ ಕೆದಕಿದ ಹಾಗಾಗುತ್ತೆ, ಬಿಟ್ಟರೆ ತಾನೇ ಮಾಯುತ್ತೆ — ಮನೆಯವರೆಲ್ಲ ಹಾಗೇ ಬಿಟ್ಟರು, ಮಲಗಿದ ಮಗುವಿನ ಪಕ್ಕದಲ್ಲಿ ಹಾದುಹೋಗುವಂತೆ ಆ ಜಾಗಕ್ಕೆ ತಾಗದಂತೆ ಸುತ್ತು ಬಳಸಿ ಹಲ್ಲುಜ್ಜಿದರು, ಅಮ್ಮನ ಹಲ್ಲು ಒಂದೊಂದಾಗಿ ಅಲುಗಾಡಿ ಬಿದ್ದವು, ನಮ್ಮ ವಂಶದ ಹಲ್ಲೇ ಹಾಗೆ ಬಿಡು ಅಂದುಕೊಂಡು ಕಟ್ಟಿಸಿದ ಹಲ್ಲು ಹಾಕಿಕೊಂಡಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ಮಲಗುವಾಗ ಹಲ್ಲನ್ನು ನೀರಿನ ಲೋಟದಲ್ಲಿ ಹಾಕಿ ಕಿಟಕಿಯಲ್ಲಿ ಇಡುತ್ತಿದ್ದಳು. ತೀರಿಕೊಂಡ ದಿನದ ಗಡಿಬಿಡಿಯಲ್ಲಿ ಆ ಲೋಟ ಯಾರಿಗೂ ನೆನಪಾಗಲಿಲ್ಲ, ಬಾಯಿ ಒಳಗೆ ಕುಸಿದಿತ್ತು, ಕೊನೆಯ ಸಲ ನೋಡಲು ಬಂದವರೆಲ್ಲ ಬೇರೆ ಯಾರದೋ ಮುಖ ನೋಡಿ ಹೋದರು, ಎಲ್ಲ ಮುಗಿಸಿ ಮನೆಗೆ ಬಂದರೆ ಕಿಟಕಿಯಲ್ಲಿ ಅಮ್ಮನ ನಗು ಕೂತಿದೆ, ಎಸೆದುಬಿಡೇ ಅಂದಳು ಚಿಕ್ಕಮ್ಮ, ಹೇಗೆ ಎಸೆಯುವುದು, ಎಲ್ಲಿಗೆ. ನೀರು ಆರಿಹೋದರೂ ಲೋಟ ಅಲ್ಲೇ ಇದೆ.

ಬಾಯಿ ಮುಕ್ಕಳಿಸಿ ಉಗೀರಿ. ಉಗಿದಳು, ತುಟಿಯಿಂದ ಬಿಳಿ ಬೋಗುಣಿಯವರೆಗೆ ಒಂದು ಎಳೆ ಇಳಿಯಿತು, ಕೆಂಪು, ಕಡಿಯಲು ಹಲ್ಲೇ ಬೇಕು ಅನ್ನಿಸಿತು. ಇನ್ನು ಮೇಲೆ ರಕ್ತ ಬರೋ ಕಡೆನೇ ಉಜ್ಜಬೇಕು, ಮೆತ್ತಗಿನ ಬ್ರಷ್ಷು, ಹಲ್ಲು ವಸಡು ಸೇರೋ ಅಂಚಲ್ಲಿ, ನಿಧಾನಕ್ಕೆ, ಹಲ್ಲಿನ ಸಂದಿಗೂ ಹೋಗಬೇಕು, ಸ್ವಲ್ಪ ದಿನ ರಕ್ತ ಬರುತ್ತೆ, ಆಮೇಲೆ ನಿಲ್ಲುತ್ತೆ, ನೀವು ಬಿಟ್ಟಿದ್ದಕ್ಕೇ ಬಂದಿದ್ದು ಅದು. ಅಂದರೆ ಅಮ್ಮ ಹೇಳಿದ್ದು ತಿರುಗುಮುರುಗು, ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹೊಲಿದ ಹಾಗೆ, ಅಂದರೆ ವಂಶವೂ ಅಲ್ಲ ಹಣೆಬರಹವೂ ಅಲ್ಲ, ಅಂದರೆ ಅಮ್ಮ ಆ ಹಲ್ಲುಗಳನ್ನು ಇಟ್ಟುಕೊಂಡೇ ಹೋಗಬಹುದಿತ್ತು. ಕರಗಿದ ಮೂಳೆ ವಾಪಸ್ ಬರಲ್ಲ, ಉಳಿದಿರೋದನ್ನ ಉಳಿಸ್ಕೋಬಹುದು, ಮುಂದಿನ ಹಲ್ಲೊಂದು ಅಲ್ಲಾಡ್ತಿದೆ, ನೋಡೋಣ. ನೋಡೋಣವಂತೆ, ಮೊನ್ನೆ ಯಾರೋ ಗಿರಾಕಿ ತಮಾಷೆ ಮಾಡಿದಾಗ ನಕ್ಕಳು, ಎದುರಿನ ಕನ್ನಡಿಯಲ್ಲಿ ಬಾಯಿಗೆ ಅಡ್ಡ ಬಂದ ಕೈ ಅಮ್ಮನದಾಗಿತ್ತು, ಅವತ್ತೇ ಹೆದರಿ ಇಲ್ಲಿಗೆ ಓಡಿಬಂದದ್ದು. ಅದಕ್ಕೂ ಮುಂಚೆ ಇನ್ನೊಂದು ಬೆಳಗ್ಗೆ, ಅದು ಬೇಡ, ಬಚ್ಚಲಿನಲ್ಲಿ ಮಗಳು, ಅಮ್ಮಾ ಇಲ್ನೋಡು, ನೊರೆ ಎಲ್ಲ ಗುಲಾಬಿ ಬಣ್ಣ, ಇವಳು ಕಾಲರಿಗೆ ಕ್ಯಾನ್ವಾಸ್ ಕೂರಿಸುತ್ತ ಹಿಂದಿರುಗಿಯೂ ನೋಡದೆ, ಬಿಟ್ಟುಬಿಡು ಕಂದಾ, ತಾನೇ ಮಾಯುತ್ತೆ — ತನ್ನ ಗಂಟಲಿನಲ್ಲಿ ಕೂತು ಅದನ್ನು ಹೇಳಿದ್ದು ಯಾರು?

ಸ್ವಲ್ಪ ಸುಧಾರಿಸ್ಕೊಳ್ಳಿ, ಇನ್ನೊಂದು ಕಡೆ ಇದೆ. ಅರ್ಧ ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಮಗಳು, ಅಮ್ಮನಿಗೆ ಧೈರ್ಯವಾಗಲಿ ಅಂತ ಜೊತೆಗೆ ಬಂದವಳು, ಸುಮ್ಮನೆ ಕೂರಲಾಗದೆ ಯಾರದೋ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ, ಎಷ್ಟು ಚೆಂದ ಕೈ ಓಡುತ್ತದೆ ಇದಕ್ಕೆ, ಗುಂಡಿಯ ಕೆಳಗೆ ದಾರ ಸುತ್ತಿದಳು, ಗಂಟು ಹಾಕಿದಳು, ತಲೆ ಬಗ್ಗಿಸಿದಳು, ಬೇಡ, ಬೇಡವೇ, ಕೂಗಬೇಕು, ತುಟಿ ಏಳುತ್ತಿಲ್ಲ, ನಾಲಿಗೆ ಮರದ ತುಂಡು, ಮಗಳು ದಾರ ಕಚ್ಚಿ ಕಡಿದಳು, ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಚೀಲದಿಂದ ಕತ್ತರಿ ತೆಗೆದಳು — ಏನಾಯ್ತು, ನೋವಾಗ್ತಿದೆಯಾ ಅಂತ ಡಾಕ್ಟರಮ್ಮ, ಇವಳು ಬಾಗಿಲ ಕಡೆ ಬೆರಳು ತೋರಿಸುತ್ತಾಳೆ, ಇಲ್ಲ, ನೋವಿಲ್ಲ, ನೋವೇ ಇಲ್ಲ, ಬಿಳಿ ದಾರ, ತುದಿ ಕೆಂಪು, ಬಿಳಿ ದಾರ, ತುದಿ